ಸೊಂಟ ನೋವು, ಕುತ್ತಿಗೆ ನೋವು, ತಲೆನೋವು: ಕೈರೋಪ್ರಾಕ್ಟಿಕ್ಕೋ, ಫಿಸಿಯೋಥೆರಪಿಯೋ, ಮನೆಯ ವ್ಯಾಯಾಮವೋ?

ಸೊಂಟ ಹಿಡಿದುಕೊಂಡು ವಾರ ಕಳೆದರೂ ಬಿಡದಿದ್ದಾಗ ಸಲಹೆಗಳಿಗೆ ಬರವಿರುವುದಿಲ್ಲ. ಕೈರೋಪ್ರಾಕ್ಟರ್ (ಬೆನ್ನೆಲುಬಿನ ಕೀಲುಗಳನ್ನು ಕೈಯಿಂದ ಸಡಿಲಿಸುವವರು) ಹತ್ತಿರ ಹೋದರೆ ಒಂದೇ ಸಲಕ್ಕೆ ಸರಿಹೋಗುತ್ತದೆ ಎಂದು ಒಬ್ಬರು, ಫಿಸಿಯೋಥೆರಪಿಯೇ ವಾಸಿ ಎಂದು ಇನ್ನೊಬ್ಬರು, ಮಸಾಜ್ ಸಾಕು ಎಂದು ಮತ್ತೊಬ್ಬರು. ಇವರಲ್ಲಿ ಯಾರ ಮಾತೂ ಪೂರ್ತಿ ಸುಳ್ಳಲ್ಲ. ನೋವು ಎಲ್ಲಿದೆ, ಎಷ್ಟು ದಿನದ್ದು, ಮೈಗೆ ಬೇರೆ ಏನೇನು ತೊಂದರೆಯಿದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ, ಅಷ್ಟೇ. ಹಾಗಾಗಿ ಅಳತೆಗೋಲನ್ನು ಮೊದಲು ಇಟ್ಟುಕೊಂಡು, ಆಮೇಲೆ ಒಂದೊಂದು ದಾರಿಯನ್ನೂ ಅದಕ್ಕೆ ಹಿಡಿದು ನೋಡೋಣ.

ಆಯ್ಕೆಗೂ ಮೊದಲು: ಇವು ಇದ್ದರೆ ನೇರ ವೈದ್ಯರ ಬಳಿಗೆ

ಕೆಲವು ಲಕ್ಷಣಗಳು ಕಂಡಾಗ ಈ ಹೋಲಿಕೆಯೇ ಬೇಡ. ತೊಡೆಗಳ ಸಂದಿಯಲ್ಲಿ, ಗುದದ್ವಾರದ ಸುತ್ತ ಸ್ಪರ್ಶ ಗೊತ್ತಾಗದಿರುವುದು, ಮೂತ್ರ ಕಟ್ಟಿಕೊಳ್ಳುವುದು, ಮಲಮೂತ್ರ ತಡೆಯಲಾಗದಿರುವುದು, ಎರಡೂ ಕಾಲುಗಳ ಬಲ ಕುಗ್ಗುವುದು: ಬೆನ್ನುಹುರಿಯ ಕೆಳತುದಿಯ ನರಗಳ ಗೊಂಚಲು ಒತ್ತಿಹೋಗಿರುವ ಸೂಚನೆಯಿದು. ಅದೇ ದಿನ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ತಡವಾದರೆ ಆ ನರಗಳು ಮತ್ತೆ ಚೇತರಿಸಿಕೊಳ್ಳದೇ ಹೋಗಬಹುದು.

ಬಿದ್ದ ಅಥವಾ ಅಪಘಾತದ ನಂತರದ ನೋವು, ಜ್ವರದ ಜೊತೆಗಿನ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಹೇಗೆ ಮಲಗಿದರೂ ಕಡಿಮೆಯಾಗದ ರಾತ್ರಿಯ ನೋವು, ಬಹುಕಾಲದಿಂದ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವುದು, ಇವುಗಳಲ್ಲಿ ಯಾವುದಿದ್ದರೂ ಮೊದಲು ಕಾರಣ ಗೊತ್ತಾಗಬೇಕು. ಮೂಳೆ ಮುರಿತಕ್ಕೋ ಸೋಂಕಿಗೋ ಯಾರೂ ಕೈಹಚ್ಚಿ ಒತ್ತುವಂತಿಲ್ಲ.

ಅಳತೆಗೋಲುಗಳು

ಮೊದಲನೆಯದು, ನಿಮಗಿರುವ ನೋವಿಗೇ ಆ ಚಿಕಿತ್ಸೆಯಿಂದ ಉಪಯೋಗವಾಗುತ್ತದೆ ಎನ್ನುವುದಕ್ಕೆ ಆಧಾರವಿದೆಯೇ ಎಂಬುದು. ಸೊಂಟ ನೋವಿಗೆ ಆಗುತ್ತದೆ ಎಂದ ಮಾತ್ರಕ್ಕೆ ಅಸ್ತಮಾಕ್ಕೂ ಆಗಬೇಕೆಂದಿಲ್ಲ. ಎರಡನೆಯದು, ಅಪಾಯ ಎಷ್ಟು, ಯಾರಿಗೆ ಹೆಚ್ಚು. ಮೂರನೆಯದು ಒಟ್ಟು ಖರ್ಚು. ಒಂದು ಭೇಟಿಯ ಶುಲ್ಕ ನೋಡಿ ಯಾವುದು ಅಗ್ಗ ಎಂದು ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. ಶುಲ್ಕವನ್ನು ಭೇಟಿಗಳ ಸಂಖ್ಯೆಯಿಂದ ಗುಣಿಸಿ, ಹೋಗಿಬರುವ ಸಮಯವನ್ನೂ ಸೇರಿಸಿ ನೋಡಿ.

ನಾಲ್ಕನೆಯದು ಹೆಚ್ಚಿನವರು ಕೇಳದೇ ಬಿಡುವ ಪ್ರಶ್ನೆ: ಚಿಕಿತ್ಸೆ ಮುಗಿದ ಮೇಲೆ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಸೊಂಟ ನೋವು ಒಮ್ಮೆ ಬಂದವರಿಗೆ ಮರುಕಳಿಸುವುದು ತೀರಾ ಸಾಮಾನ್ಯ. ಮುಂದಿನ ಸಲ ನೀವೇ ನಿಭಾಯಿಸುವುದನ್ನು ಕಲಿಸುವ ಚಿಕಿತ್ಸೆಗೂ, ಪ್ರತಿ ಸಲ ಮೇಜಿನ ಮೇಲೆ ಹೋಗಿ ಮಲಗಲೇಬೇಕಾದ ಚಿಕಿತ್ಸೆಗೂ ಬಹಳ ವ್ಯತ್ಯಾಸವಿದೆ. ಈ ಬರಹದಲ್ಲಿ ನಾವು ಹೆಚ್ಚು ತೂಕ ಕೊಡುವುದು ಇದಕ್ಕೇ.

ಕೈರೋಪ್ರಾಕ್ಟಿಕ್

1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ ಡಿ.ಡಿ. ಪಾಮರ್ ಶುರುಮಾಡಿದ ಪದ್ಧತಿಯಿದು. ಬೆನ್ನೆಲುಬಿನ ಮಣಿಗಳು ಸ್ಥಾನ ತಪ್ಪುವುದೇ ಬಹುಪಾಲು ಕಾಯಿಲೆಗಳ ಮೂಲ ಎಂಬುದು ಪಾಮರ್ ವಾದವಾಗಿತ್ತು. ಆ ವಾದ ಪರೀಕ್ಷೆಯಲ್ಲಿ ನಿಂತಿಲ್ಲ. ಆದರೆ ಬೆನ್ನೆಲುಬಿನ ಕೀಲುಗಳನ್ನು ಕೈಯಿಂದ ಸಡಿಲಿಸುವ ತಂತ್ರಕ್ಕೆ ಸೊಂಟ ಮತ್ತು ಕುತ್ತಿಗೆ ನೋವಿನಲ್ಲಿ ಒಂದು ಮಟ್ಟದ ಪ್ರಯೋಜನವಿದೆ. ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ‘ಸ್ಥಾನ ತಪ್ಪಿದ ಮಣಿಯನ್ನು ಮತ್ತೆ ಕೂರಿಸುತ್ತೇನೆ’ ಎನ್ನುವವರಿಗಿಂತ ‘ಬಿಗಿದ ಕೀಲಿಗೆ ಚಲನೆ ಬರಿಸುತ್ತೇನೆ’ ಎನ್ನುವವರ ಮಾತು ಸತ್ಯಕ್ಕೆ ಹತ್ತಿರ.

ಮೇಜಿನ ಮೇಲೆ ನಡೆಯುವುದು ಇಷ್ಟು. ಸೊಂಟಕ್ಕಾದರೆ ಸಾಮಾನ್ಯವಾಗಿ ಪಕ್ಕಕ್ಕೆ ಮಲಗಿಸುತ್ತಾರೆ. ಮೇಲಿನ ಮೊಣಕಾಲನ್ನು ಮಡಚಿ ಮುಂದಕ್ಕೆ ತಂದು, ಭುಜವನ್ನು ಹಿಂದಕ್ಕೆ ತಿರುಗಿಸಿ, ಕೀಲು ಇನ್ನು ತಿರುಗದು ಎನ್ನುವ ತುದಿಗೆ ಒಯ್ಯುತ್ತಾರೆ. ಉಸಿರು ಬಿಡುವ ಹೊತ್ತಿಗೆ ಅಂಗೈಯಿಂದ ಚುರುಕಾದ, ಚಿಕ್ಕ ಅಂತರದ ಒಂದು ತಳ್ಳು. ಆಗ ಬರುವ ‘ಲಟಕ್’ ಸದ್ದು ಮೂಳೆ ಜರುಗಿದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಹಠಾತ್ತನೆ ಇಳಿದು ಅನಿಲದ ಗುಳ್ಳೆ ಉಂಟಾದ ಸದ್ದು. ಬೆರಳಿನ ನೆಟಿಗೆ ಮುರಿದಾಗ ಆಗುವುದೂ ಇದೇ. ಸದ್ದು ಬರಲಿಲ್ಲವೆಂದರೆ ಚಿಕಿತ್ಸೆ ಕೆಲಸ ಮಾಡಲಿಲ್ಲ ಎಂದೇನೂ ಅಲ್ಲ. ಸದ್ದಿಗಾಗಿ ಮತ್ತೆ ಮತ್ತೆ ಬಲವಾಗಿ ತಳ್ಳುವವರಿಗೆ ಅಲ್ಲೇ ಸಾಕು ಎಂದುಬಿಡಿ.

ತಳ್ಳು ಬೇಡವೆನ್ನುವವರಿಗೆ ಮೆದುವಾದ ವಿಧಾನಗಳೂ ಇವೆ: ಸ್ಪ್ರಿಂಗ್ ಇರುವ ಸಣ್ಣ ಉಪಕರಣದಿಂದ ತಟ್ಟುವುದು, ಒಂದೊಂದು ಭಾಗವಾಗಿ ತುಸು ಕೆಳಗಿಳಿಯುವ ಮೇಜು ಬಳಸುವುದು, ಮೇಜನ್ನೇ ನಿಧಾನವಾಗಿ ಬಗ್ಗಿಸುತ್ತ ಸೊಂಟವನ್ನು ಹಿಗ್ಗಿಸುವುದು. ಕೇಳಿದರೆ ಬಹುತೇಕರು ಮಾಡಿಕೊಡುತ್ತಾರೆ.

ಆಧಾರದ ಮಾತು. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ, ಹೊಸ ಸೊಂಟ ನೋವಿಗೆ ಮಾತ್ರೆಗೂ ಮೊದಲು ಶಾಖ, ಮಸಾಜ್, ಅಕ್ಯುಪಂಕ್ಚರ್, ಬೆನ್ನೆಲುಬಿನ ಕೈಚಿಕಿತ್ಸೆಗಳನ್ನು ಪ್ರಯತ್ನಿಸಲು ಹೇಳುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ (NICE) ಸಂಸ್ಥೆ 2016ರಲ್ಲಿ ಒಂದು ಷರತ್ತು ಹಾಕಿತು: ಕೈಚಿಕಿತ್ಸೆ ಕೊಡಬಹುದು, ಆದರೆ ವ್ಯಾಯಾಮ ಜೊತೆಗಿರಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ದೀರ್ಘಕಾಲದ ಸೊಂಟ ನೋವಿಗೆ ಇದನ್ನು ಹಲವು ದಾರಿಗಳಲ್ಲಿ ಒಂದೆಂದು ಒಪ್ಪುತ್ತದೆ. ಅಲ್ಲಿಗೆ ತಾತ್ಪರ್ಯವೇನೆಂದರೆ, ಕೈರೋಪ್ರಾಕ್ಟಿಕ್ ಉಳಿದ ಒಳ್ಳೆಯ ಚಿಕಿತ್ಸೆಗಳಷ್ಟೇ ಕೆಲಸ ಮಾಡುತ್ತದೆ, ಅವುಗಳನ್ನು ಮೀರಿಸುವುದಿಲ್ಲ. ತಳ್ಳಿನ ನಂತರ ಸಿಗುವ ಹಗುರ ಹಲವರಲ್ಲಿ ಕೆಲವು ಗಂಟೆ, ಕೆಲವರಲ್ಲಿ ಕೆಲವು ದಿನ ಇರುತ್ತದೆ. ನೋವು ಇಳಿದಿರುವ ಆ ಹೊತ್ತಿನಲ್ಲಿ ನಡೆದು, ಬಗ್ಗಿ, ವ್ಯಾಯಾಮ ಮಾಡಿದರೆ ಲಾಭ ಉಳಿಯುತ್ತದೆ. ಮನೆಗೆ ಬಂದು ಮಲಗಿಬಿಟ್ಟರೆ ಅದು ಕರಗಿಹೋಗುತ್ತದೆ.

ತೊಂದರೆಗಳು: ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮೊದಲ ಭೇಟಿಗಳ ನಂತರ ಮೈಕೈ ನೋವು, ಬಿಗಿತ, ಆಯಾಸ ಕಾಣಿಸಿಕೊಂಡು ಒಂದೆರಡು ದಿನದಲ್ಲಿ ಹೋಗುತ್ತದೆ. ಮೂಳೆ ಟೊಳ್ಳಾಗಿ ದುರ್ಬಲವಾಗಿರುವವರು (ಆಸ್ಟಿಯೋಪೊರೋಸಿಸ್), ರಕ್ತ ತೆಳುಮಾಡುವ ಔಷಧಿ ತೆಗೆದುಕೊಳ್ಳುವವರು, ರುಮಟಾಯ್ಡ್ ಸಂಧಿವಾತದವರು, ಬೆನ್ನೆಲುಬಿನಲ್ಲಿ ಸೋಂಕು ಅಥವಾ ಗಡ್ಡೆ ಇರುವವರು ಬಲದ ತಳ್ಳು ಮಾಡಿಸಿಕೊಳ್ಳಬಾರದು. ರುಮಟಾಯ್ಡ್‌ನಲ್ಲಿ ಕುತ್ತಿಗೆಯ ಮೇಲಿನ ಎರಡು ಮಣಿಗಳನ್ನು ಹಿಡಿದಿಡುವ ಕಟ್ಟು ಸಡಿಲವಾಗಿರಬಹುದು. ಅಲ್ಲಿ ತಳ್ಳಿದರೆ ಬೆನ್ನುಹುರಿಗೇ ಪೆಟ್ಟು.

ಕುತ್ತಿಗೆಯ ವಿಷಯ ಬೇರೆ

ಸೊಂಟದಷ್ಟು ನಿರಾಳವಾಗಿ ಕುತ್ತಿಗೆಯನ್ನು ಒಪ್ಪಿಸಬೇಡಿ. ಕುತ್ತಿಗೆಯ ಮಣಿಗಳ ಪಕ್ಕದ ರಂಧ್ರಗಳ ಮೂಲಕ ಮೆದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಅಪರೂಪಕ್ಕೆ ಆ ನಾಳದ ಒಳಪದರ ಸೀಳಿ, ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುತ್ತದೆ. ಕುತ್ತಿಗೆಯನ್ನು ತಿರುಗಿಸಿ ತಳ್ಳಿದ ನಂತರ ಹೀಗಾದ ಪ್ರಕರಣಗಳು ದಾಖಲಾಗಿವೆ. ಇನ್ನೊಂದು ಸೂಕ್ಷ್ಮವೂ ಇದೆ. ನಾಳ ಸೀಳಿದಾಗ ಮೊದಲು ಕಾಣುವುದೇ ಕುತ್ತಿಗೆ ನೋವು, ತಲೆನೋವು. ಅಂದರೆ ಸೀಳು ಆಗಲೇ ಆಗಿರುವವರು ಬರೀ ಉಳುಕು ಎಂದುಕೊಂಡು ಕೈಚಿಕಿತ್ಸೆಗೆ ಬರುತ್ತಾರೆ. ಹಾಗಾಗಿ ಹಿಂದೆಂದೂ ಕಂಡಿರದ ಬಗೆಯ, ಹಠಾತ್ತಾಗಿ ಒಂದೇ ಬದಿಗೆ ಬಂದ ಕುತ್ತಿಗೆ ನೋವಿದ್ದರೆ, ಅದರ ಜೊತೆ ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಮುಖದಲ್ಲಿ ಜೋಮು, ನಡೆಯುವಾಗ ತೂರಾಡುವುದು ಇವುಗಳಲ್ಲಿ ಒಂದಿದ್ದರೂ, ಆಸ್ಪತ್ರೆ ಮೊದಲು.

ಸಾಮಾನ್ಯ ಕುತ್ತಿಗೆ ನೋವಿಗೆ ನಮ್ಮ ಆಯ್ಕೆ ಸ್ಪಷ್ಟ: ತಳ್ಳಿಲ್ಲದ, ನಿಧಾನವಾಗಿ ಕೀಲನ್ನು ಅಲುಗಾಡಿಸುವ ವಿಧಾನ ಮತ್ತು ವ್ಯಾಯಾಮ. ಇದನ್ನು ಕೈರೋಪ್ರಾಕ್ಟರೂ ಮಾಡುತ್ತಾರೆ, ಫಿಸಿಯೋಥೆರಪಿಸ್ಟರೂ ಮಾಡುತ್ತಾರೆ. ಫಲ ಹೆಚ್ಚುಕಡಿಮೆ ಒಂದೇ ಆಗಿರುವಾಗ ಕಡಿಮೆ ಅಪಾಯದ್ದನ್ನು ಆರಿಸಿಕೊಳ್ಳುವುದು ಜಾಣತನ.

ಫಿಸಿಯೋಥೆರಪಿ

ಮೇಲಿನ ನಾಲ್ಕನೇ ಅಳತೆಗೋಲಿನಲ್ಲಿ ಇದು ಮುಂದೆ. ಒಳ್ಳೆಯ ಫಿಸಿಯೋಥೆರಪಿಸ್ಟ್ ನಿಮ್ಮನ್ನು ಬಗ್ಗಿಸಿ, ನಿಲ್ಲಿಸಿ, ನಡೆಸಿ ನೋಡಿ, ಯಾವ ಚಲನೆಗೆ ನೋವು ಏರುತ್ತದೆ, ಯಾವುದಕ್ಕೆ ಇಳಿಯುತ್ತದೆ ಎಂದು ಗುರುತಿಸಿ, ಅದಕ್ಕೆ ತಕ್ಕ ಮೂರು ನಾಲ್ಕು ವ್ಯಾಯಾಮ ಕಲಿಸಿ, ವಾರ ವಾರ ಅದರ ತೂಕ ಏರಿಸುತ್ತಾರೆ. ಕೊರತೆಯೆಂದರೆ ಮೊದಲ ದಿನವೇ ದೊಡ್ಡ ನೆಮ್ಮದಿ ಸಿಗದಿರಬಹುದು, ಮತ್ತು ಮನೆಯಲ್ಲಿ ಮಾಡದಿದ್ದರೆ ಹಣ ನೀರುಪಾಲು. ಫಿಸಿಯೋಥೆರಪಿ ಎಂದು ಕರೆದು ಪ್ರತಿದಿನ ಕರೆಂಟಿನ ಪ್ಯಾಡ್ ಇಟ್ಟು ಮಲಗಿಸುವ, ಎಳೆಯುವ ಯಂತ್ರಕ್ಕೆ ಕಟ್ಟುವ ಜಾಗಗಳೂ ಇವೆ. ದೀರ್ಘಕಾಲದ ಸೊಂಟ ನೋವಿಗೆ ಈ ಎರಡನ್ನೂ, ಸೊಂಟದ ಬೆಲ್ಟನ್ನೂ ವಿಶ್ವ ಆರೋಗ್ಯ ಸಂಸ್ಥೆ ಬೇಡವೆನ್ನುತ್ತದೆ. ವ್ಯಾಯಾಮ ಕಲಿಸದ ಫಿಸಿಯೋಥೆರಪಿಗಿಂತ ವ್ಯಾಯಾಮ ಕಲಿಸುವ ಕೈರೋಪ್ರಾಕ್ಟರೇ ಮೇಲು.

ಮಸಾಜ್, ಶಾಖ, ಮಾತ್ರೆ

ಮಸಾಜ್ ಸ್ನಾಯು ಬಿಗಿತಕ್ಕೆ, ಒತ್ತಡದ ತಲೆನೋವಿಗೆ ಹಿತ. ಪರಿಣಾಮ ಬೇಗ ಬರುತ್ತದೆ, ಬೇಗ ಹೋಗುತ್ತದೆ. ಕಾಲಿನ ಮೀನಖಂಡ ಊದಿ, ಕೆಂಪಾಗಿ ನೋಯುತ್ತಿದ್ದರೆ ಮಾತ್ರ ಒತ್ತಿಸಿಕೊಳ್ಳಬೇಡಿ, ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿರುವುದೂ ಇರಬಹುದು. ಶಾಖವನ್ನು 15–20 ನಿಮಿಷ, ಬಟ್ಟೆ ಸುತ್ತಿ ಕೊಡಿ. ಖರ್ಚಿಲ್ಲದ್ದು, ಹೊಸ ಸೊಂಟ ನೋವಿಗೆ ನಿಜಕ್ಕೂ ಕೆಲಸ ಮಾಡುತ್ತದೆ.

ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಒಂದನ್ನೇ ನಂಬಬೇಡಿ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ದೊಡ್ಡ ಅಧ್ಯಯನದಲ್ಲಿ ಅದನ್ನು ತೆಗೆದುಕೊಂಡವರೂ, ಔಷಧಿಯಿಲ್ಲದ ಹುಸಿ ಮಾತ್ರೆ ನುಂಗಿದವರೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ, ಸುಮಾರು 17 ದಿನಕ್ಕೆ, ಗುಣವಾದರು. ಐಬುಪ್ರೊಫೆನ್ ತರಹದವು ಸ್ವಲ್ಪ ಉತ್ತಮ. ಆದರೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಹೃದ್ರೋಗ ಇದ್ದವರು, ಗರ್ಭಿಣಿಯರು, ರಕ್ತ ತೆಳುಮಾಡುವ ಔಷಧಿಯಲ್ಲಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಮನೆಯ ವ್ಯಾಯಾಮ

ಎಲ್ಲಕ್ಕಿಂತ ಅಗ್ಗದ್ದು, ಎಲ್ಲರೂ ಅರ್ಧಕ್ಕೆ ಬಿಡುವಂಥದ್ದು. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಸೊಂಟ ನೋವು ಗುಣವಾದವರಿಗೆ ಹಂತಹಂತವಾಗಿ ನಡಿಗೆ ಹೆಚ್ಚಿಸಿಕೊಳ್ಳಲು ಕಲಿಸಲಾಯಿತು. ಗುರಿ ವಾರಕ್ಕೆ ಐದು ಸಲ, ಸಲಕ್ಕೆ 30 ನಿಮಿಷ. ನಡೆದವರಲ್ಲಿ ನೋವು ಮರುಕಳಿಸಲು ಹಿಡಿದ ಮಧ್ಯಮ ಅವಧಿ 208 ದಿನ, ಉಳಿದವರಲ್ಲಿ 112. ಯಾವ ಕೈಚಿಕಿತ್ಸೆ ಆರಿಸಿಕೊಂಡರೂ ನಡಿಗೆ ಜೊತೆಗಿರಲಿ ಎನ್ನುವುದು ಇದಕ್ಕಾಗಿ. ಹತ್ತು ನಿಮಿಷದಿಂದ ಶುರುಮಾಡಿ, ವಾರಕ್ಕೆ ಐದೈದು ನಿಮಿಷ ಏರಿಸಿ.

ಸೊಂಟಕ್ಕೆ ಒಂದೇ ವ್ಯಾಯಾಮ ಕಲಿಯುವುದಾದರೆ ಇದು. ಅಂಗೈ ಭುಜದ ನೇರಕ್ಕೆ, ಮೊಣಕಾಲು ಸೊಂಟದ ನೇರಕ್ಕೆ ಬರುವಂತೆ ನೆಲದ ಮೇಲೆ ಅಂಬೆಗಾಲಿನಲ್ಲಿ ನಿಲ್ಲಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ, ನೆಲಕ್ಕೆ ಸಮಾನಾಂತರವಾಗುವವರೆಗೆ ಚಾಚಿ 8–10 ಸೆಕೆಂಡ್ ಹಿಡಿದು ಇಳಿಸಿ. ಒಂದೊಂದು ಬದಿಗೂ ಮೊದಲ ಸುತ್ತಿನಲ್ಲಿ ಆರು, ಆಮೇಲೆ ನಾಲ್ಕು, ಕೊನೆಗೆ ಎರಡು. ಹೆಚ್ಚಿನವರು ತಪ್ಪುವುದು ಕಾಲನ್ನು ತೀರಾ ಮೇಲಕ್ಕೆತ್ತುವುದರಲ್ಲಿ. ಆಗ ಸೊಂಟ ಕೆಳಕ್ಕೆ ಬಾಗಿ, ನೋವಿರುವ ಕೀಲುಗಳ ಮೇಲೇ ಭಾರ ಬೀಳುತ್ತದೆ. ಸೊಂಟ ಒಂದು ಬದಿಗೆ ವಾಲುತ್ತಿದ್ದರೆ ಕೈ ನೆಲದಲ್ಲೇ ಇರಲಿ, ಕಾಲನ್ನಷ್ಟೇ ಚಾಚಿ.

ಕುತ್ತಿಗೆಗೆ: ನೇರ ಕುಳಿತು, ದೃಷ್ಟಿ ಎದುರಿಗಿಟ್ಟು, ಗದ್ದವನ್ನು ನೇರ ಹಿಂದಕ್ಕೆ ಎಳೆದುಕೊಳ್ಳಿ. 5 ಸೆಕೆಂಡ್ ಹಿಡಿದು ಬಿಡಿ, ಹತ್ತು ಸಲ. ಗದ್ದ ಎದೆಯತ್ತ ಬಗ್ಗಿದರೆ ವ್ಯಾಯಾಮ ತಪ್ಪಿದಂತೆ.

ಯಾವ ತೊಂದರೆಗೆ ಯಾವುದು

ಹೊಸ ಸೊಂಟ ನೋವು, ಆರು ವಾರದೊಳಗಿನದು: ಬಹುಪಾಲು ತಾನಾಗಿ ಇಳಿಯುತ್ತದೆ. ಶಾಖ, ನಡಿಗೆ, ಹಾಸಿಗೆ ಹಿಡಿಯದೆ ಓಡಾಡುವುದು ಮೊದಲ ವಾರಕ್ಕೆ ಸಾಕು. ಬೇಗ ಕೆಲಸಕ್ಕೆ ಮರಳಬೇಕಾದವರು ಕೈರೋಪ್ರಾಕ್ಟಿಕ್ ಅಥವಾ ಮಸಾಜ್ ಸೇರಿಸಿಕೊಳ್ಳಬಹುದು. ಕೈರೋಪ್ರಾಕ್ಟಿಕ್ ತನ್ನ ಬೆಲೆಗೆ ತಕ್ಕ ಫಲ ಕೊಡುವುದು ಇಲ್ಲೇ.

ಮೂರು ತಿಂಗಳು ದಾಟಿದ್ದು, ಮತ್ತೆ ಮತ್ತೆ ಬರುವುದು: ವ್ಯಾಯಾಮವೇ ಮುಖ್ಯ. ನೋವಿನಿಂದಾಗಿ ವ್ಯಾಯಾಮ ಶುರುಮಾಡಲೇ ಆಗದವರಿಗೆ ಮಾತ್ರ ಕೈಚಿಕಿತ್ಸೆ ದಾರಿ ಬಿಡಿಸಿಕೊಡುತ್ತದೆ.

ಸಯಾಟಿಕಾ, ಅಂದರೆ ಪೃಷ್ಠದಿಂದ ಕಾಲಿಗೆ ಇಳಿಯುವ ಚಳುಕು: ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಕಡಿಮೆಯಾಗುತ್ತದೆ. ಬೋರಲು ಮಲಗಿ ಮೊಣಕೈ ಊರಿ ಎದೆಯನ್ನಷ್ಟೇ ಎತ್ತಿ ನೋಡಿ. ಕಾಲಿನ ನೋವು ಮೇಲೇರಿ ಸೊಂಟದತ್ತ ಸರಿದರೆ ಒಳ್ಳೆಯ ಸೂಚನೆ, ಸೊಂಟ ಸ್ವಲ್ಪ ಹೆಚ್ಚು ನೊಂದರೂ ಸರಿ. ನೋವು ಪಾದದತ್ತ ಇಳಿದರೆ ಆ ವ್ಯಾಯಾಮ ನಿಲ್ಲಿಸಿ. ಇಂಥ ವಿಂಗಡಣೆ ಗೊತ್ತಿರುವ ಫಿಸಿಯೋಥೆರಪಿಸ್ಟ್ ಇಲ್ಲಿ ಮೊದಲ ಆಯ್ಕೆ. ಹಿಮ್ಮಡಿಯ ಮೇಲೆ ನಿಲ್ಲಲಾಗದಷ್ಟು ಪಾದದ ಬಲ ಕುಗ್ಗಿದ್ದರೆ ವೈದ್ಯರು.

ತಲೆನೋವು: ಕುತ್ತಿಗೆಯಿಂದ ಶುರುವಾಗಿ ಹಿಂತಲೆಗೆ ಏರುವ, ಕುತ್ತಿಗೆ ತಿರುಗಿಸಿದರೆ ಹೆಚ್ಚುವ ತಲೆನೋವಿಗೆ ಕೈಚಿಕಿತ್ಸೆ ಮತ್ತು ವ್ಯಾಯಾಮ ಸೇರಿ ಸಹಾಯವಾಗಬಹುದು. ಮೈಗ್ರೇನ್‌ಗೆ ಆಧಾರ ದುರ್ಬಲ, ಅದಕ್ಕೆ ವೈದ್ಯರ ಬಳಿ ಪರಿಣಾಮಕಾರಿ ಔಷಧಿಗಳಿವೆ. ತಿಂಗಳಿಗೆ 15 ದಿನವೋ ಅದಕ್ಕಿಂತ ಹೆಚ್ಚೋ ಸಾಧಾರಣ ನೋವಿನ ಮಾತ್ರೆ ನುಂಗುತ್ತಿದ್ದರೆ, ಆ ಮಾತ್ರೆಯೇ ತಲೆನೋವು ತರುತ್ತಿರಬಹುದು. ಯಾವ ಕೀಲು ಸಡಿಲಿಸಿದರೂ ಅದು ಹೋಗದು.

ಮಗ್ಗುಲು ಬದಲಿಸಿದಾಗ ಕೆಲವೇ ಸೆಕೆಂಡ್ ಕೋಣೆಯೇ ತಿರುಗಿದಂತಾಗುವ ತಲೆಸುತ್ತು ಸಾಮಾನ್ಯವಾಗಿ ಒಳಕಿವಿಯ ಹರಳುಗಳಿಂದ ಬರುವುದು. ತಲೆಯನ್ನು ಕ್ರಮವಾಗಿ ತಿರುಗಿಸುವ ಎಪ್ಲಿ ವಿಧಾನದಿಂದ ಹಲವರಿಗೆ ಒಂದೆರಡು ಸಲಕ್ಕೇ ವಾಸಿಯಾಗುತ್ತದೆ. ಇದನ್ನು ಕುತ್ತಿಗೆಯ ದೋಷವೆಂದು ತಿಳಿದು ತಳ್ಳಿಸಿಕೊಳ್ಳಬೇಡಿ.

ಅಸ್ತಮಾ, ರಕ್ತದೊತ್ತಡ, ಕಿವಿ ಸೋಂಕು, ಹಸುಗೂಸಿನ ಬಿಡದ ಅಳು: ಇವುಗಳಿಗೆ ಕೈರೋಪ್ರಾಕ್ಟಿಕ್ ಕೆಲಸ ಮಾಡುತ್ತದೆ ಎನ್ನಲು ಭರವಸೆಯ ಆಧಾರವಿಲ್ಲ. ಈ ಕಾರಣಕ್ಕೆ ಇನ್‌ಹೇಲರ್, ಬಿಪಿ ಮಾತ್ರೆ ನಿಲ್ಲಿಸುವುದು ಪ್ರಾಣಕ್ಕೇ ಕುತ್ತು. ಹಸುಗೂಸಿನ ಬೆನ್ನೆಲುಬಿಗೆ ಯಾರೂ ತಳ್ಳು ಕೊಡುವುದು ಬೇಡ.

ಕೈಯಲ್ಲಿರುವ ಹಣಕ್ಕೆ ತಕ್ಕಂತೆ

ಒಂದೆರಡು ಭೇಟಿಗಷ್ಟೇ ಆಗುವುದಾದರೆ ಅದನ್ನು ಫಿಸಿಯೋಥೆರಪಿಸ್ಟರಿಗೆ ಕೊಡಿ, ವ್ಯಾಯಾಮದ ಪಟ್ಟಿ ಬರೆಸಿಕೊಳ್ಳಿ, ಮಾಡುವ ರೀತಿಯನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಮೂರು ವಾರ ಬಿಟ್ಟು ತಿದ್ದಿಸಿಕೊಳ್ಳಲು ಎರಡನೆಯದನ್ನು ಉಳಿಸಿಕೊಳ್ಳಿ. ಆರು ಭೇಟಿಗೆ ಆಗುವುದಾದರೆ, ಹೊಸ ಸೊಂಟ ನೋವಿಗೆ ಮೊದಲ ಎರಡು ವಾರ ನಾಲ್ಕು ಸಲ ಕೈಚಿಕಿತ್ಸೆ, ಉಳಿದೆರಡು ವ್ಯಾಯಾಮಕ್ಕೆ. ಹಣದ ಚಿಂತೆಯಿಲ್ಲದವರೂ ಮೂವತ್ತು, ನಲವತ್ತು ಭೇಟಿಗಳ ಪ್ಯಾಕೇಜನ್ನು ಮುಂಗಡ ಕೊಟ್ಟು ಕೊಳ್ಳಬಾರದು. ಮೊದಲ ದಿನವೇ ಅಷ್ಟು ಭೇಟಿ ಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ.

ಎಕ್ಸ್‌ರೇ, ಸ್ಕ್ಯಾನ್‌ಗಳ ವಿಷಯದಲ್ಲೂ ಹೀಗೇ. ಮೇಲೆ ಹೇಳಿದ ಅಪಾಯದ ಲಕ್ಷಣಗಳಿಲ್ಲದಿದ್ದರೆ ಮೊದಲ ಆರು ವಾರ ಸ್ಕ್ಯಾನ್ ಬೇಡ. ನೋವೇ ಇಲ್ಲದ 20ರ ಹರೆಯದವರಲ್ಲೂ ಸುಮಾರು 30%, 80 ವರ್ಷದವರಲ್ಲಿ 84% ಮಂದಿಗೆ ಡಿಸ್ಕ್ (ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ) ಉಬ್ಬಿರುವುದು ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಚಿತ್ರ ತೋರಿಸಿ ಹೆದರಿಸಿ ಪ್ಯಾಕೇಜ್ ಮಾರುವುದು ಈ ಕಾರಣಕ್ಕೇ ಸುಲಭ.

ಮೊದಲ ಭೇಟಿಯಲ್ಲಿ ಕೇಳಬೇಕಾದ್ದು, ಆಮೇಲೆ ನೋಡಬೇಕಾದ್ದು

ತರಬೇತಿ ಎಷ್ಟು ವರ್ಷದ್ದು ಎಂದು ಕೇಳಿ. ವೈದ್ಯಕೀಯ ಹಿನ್ನೆಲೆಯಿಲ್ಲದವರಿಗೆ ನಾಲ್ಕು ವರ್ಷದ ಪೂರ್ಣಾವಧಿ ಕಲಿಕೆ, ಕನಿಷ್ಠ 4,200 ಗಂಟೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಹೇಳಿದೆ. ವಾರಾಂತ್ಯದ ಕೋರ್ಸ್ ಮಾಡಿ ವಿಡಿಯೋಗಳಲ್ಲಿ ಕುತ್ತಿಗೆ ತಿರುಚುವವರಿಗೆ ಮೈ ಒಪ್ಪಿಸಬೇಡಿ. ನಿಮ್ಮ ಕಾಯಿಲೆ, ಮಾತ್ರೆಗಳ ವಿವರ ಕೇಳದೆ, ಪ್ರತಿವರ್ತನ, ಬಲ, ಸ್ಪರ್ಶ ಪರೀಕ್ಷಿಸದೆ ನೇರ ಮಲಗಿಸಿದರೆ ಎದ್ದು ಬನ್ನಿ. ಏನು ಮಾಡುತ್ತಾರೆ, ಬೇರೆ ದಾರಿ ಏನಿದೆ, ಎಷ್ಟು ಭೇಟಿಯ ನಂತರ ಮರುಪರಿಶೀಲನೆ ಎಂದು ಬಾಯಿಬಿಟ್ಟು ಕೇಳಿ.

ಶುರುಮಾಡುವ ಮೊದಲೇ ಎರಡು ವಿಷಯ ಬರೆದಿಟ್ಟುಕೊಳ್ಳಿ: 0ರಿಂದ 10ರಲ್ಲಿ ನೋವು ಎಷ್ಟು, ಮತ್ತು ನೋವಿನಿಂದ ಆಗದಿರುವ ಒಂದು ಕೆಲಸ, ಉದಾಹರಣೆಗೆ ಎಷ್ಟು ನಿಮಿಷ ಕೂರಬಹುದು. ನಾಲ್ಕು ವಾರದಲ್ಲಿ ನೋವು ಮೂರನೇ ಒಂದು ಭಾಗವಾದರೂ ಇಳಿಯದಿದ್ದರೆ, ಅಥವಾ ಕೂರುವ ಸಮಯ ಏರದಿದ್ದರೆ ಚಿಕಿತ್ಸೆ ಬದಲಿಸಿ. ಪ್ರತಿ ಭೇಟಿಯ ನಂತರ ಒಂದು ದಿನ ಹಗುರವಾಗಿ ಮತ್ತೆ ಮೊದಲಿನ ಅಂಕಿಗೇ ಬರುತ್ತಿದ್ದರೆ ಅದು ಸುಧಾರಣೆಯಲ್ಲ. ಚಿಕಿತ್ಸೆಯ ನಂತರ ಕೈಕಾಲಿನಲ್ಲಿ ಹೊಸದಾಗಿ ಜೋಮು, ಬಲಹೀನತೆ ಬಂದರೆ ಮುಂದಿನ ಭೇಟಿಗೆ ಕಾಯದೆ ಅಂದೇ ವೈದ್ಯರಿಗೆ ತೋರಿಸಿ.